ಹದಿಮೂರು ಅಡಿ

೯ ನವೆಂಬರ್ ೧೯೬೬, ಬುಧವಾರ. ಸಾಗರ, ಹಾಸ್ಟೆಲ್

ಮತ್ತೆ ಅದೇ ಉಪ್ಪಿಟ್ಟು. ಫಿಸಿಕ್ಸ್ ಪ್ರಾಕ್ಟಿಕಲ್‌ನಲ್ಲಿ ಲೆನ್ಸಿನ ಫೋಕಲ್ ಲೆಂಗ್ತ್ ಮೂರು ಸಲ ತೆಗೆದೆ, ಮೂರು ಉತ್ತರ. ಯಾರಾದರೂ ಹತ್ತಿರ ನಿಂತು ನೋಡುತ್ತಿದ್ದರೆ ಅಳತೆ ತಪ್ಪುತ್ತದೆ. ಹತ್ತು ವರ್ಷ ಮೈಸೂರಿನ ಬೋರ್ಡಿಂಗ್ ಸ್ಕೂಲಿನಲ್ಲಿ ಕಲಿತದ್ದು ಎರಡೇ — ಇಂಗ್ಲಿಷು, ಹೆದರಿಕೆ.

ಅಮ್ಮನ ಕಾಗದ ಬಂತು. ಮೂರ್ತಿ ಮಾವ ಜಪಾನಿನ ಟ್ರೈನಿಂಗ್ ಮುಗಿಸಿ ಬಂದಿದ್ದಾನೆ. ಅವನ ಹಳೆಯ ಕ್ಯಾಮೆರಾ ನನಗಂತೆ. ಹೊಸ ಲೆನ್ಸ್ ಎರಡು ತಂದಿದ್ದಾನೆ, ಅದರಲ್ಲೂ ಒಂದು ನನಗೆ. ಯಾವುದು ಅಂತ ದೀಪಾವಳಿಗೆ ಬಂದಾಗ ನಾನೇ ಆರಿಸಬೇಕು.

ಆರಿಸುವುದೆಂದರೇ ನನಗೆ ಆಗದು. ಯಾವುದು ಬಿಟ್ಟರೂ ಅದೇ ಬೇಕಿತ್ತು ಅನಿಸುತ್ತದೆ...

೧೪ ನವೆಂಬರ್, ಸೋಮವಾರ

ಊರಿಂದ ಬಂದೆ. ಹೊಸನಗರದಿಂದ ಇಲ್ಲಿಯವರೆಗೂ ಬಸ್ಸಿನಲ್ಲಿ ಲೆನ್ಸನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಕಾಲು ಜೋಮು.

ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಮಾವ ಜಗಲಿಯಲ್ಲಿ ಎರಡನ್ನೂ ಪಂಚೆಯ ಮೇಲಿಟ್ಟ. ಒಂದು ೧೩೫ ಮಿ.ಮೀ.ನದು, ಗಿಡ್ಡ, ಜೇಬಿಗೆ ಹೋದೀತು. ಇನ್ನೊಂದು ಜೂಮ್, ೮೫ರಿಂದ ೨೫೦. ಕಂಚಿನ ಗಿಂಡಿಯಷ್ಟು ದಪ್ಪ. ರಿಂಗ್ ತಿರುಗಿಸಿ ನಂಬರ್ ಏರಿಸಿದಷ್ಟೂ ದೂರದ್ದು ಹತ್ತಿರ ಬರುತ್ತದೆ.

"ಇದು ಹಗೂರ ಇದ್ದು, ಇದು ಭಾರ ಇದ್ದು. ಒಂದು ತಗ ಮಾಣಿ. ಇನ್ನೊಂದು ನಮ್ಮ ಸಾಹೇಬ್ರ ಮಗಂಗೆ."

ಕ್ಯಾಮೆರಾದ ಮೊದಲಿನ ಲೆನ್ಸನ್ನು ಮಾವ ಎಲ್ಲೋ ಕಳೆದಿದ್ದಾನೆ. ಆದ್ದರಿಂದ ಆರಿಸಿದ್ದೇ ಗತಿ. ದಿನವೂ ಹೊರುವುದಾದರೆ ೧೩೫ ಸರಿ ಅಂತ ನನಗೂ ಗೊತ್ತಿತ್ತು. ಕೈ ಅದರ ಮೇಲೇ ಇತ್ತು. ನೀರು ಕುಡಿದು ಬರುತ್ತೇನೆಂದು ಹಿತ್ತಿಲಿಗೆ ಹೋದೆ.

ಹಿತ್ತಿಲಲ್ಲಿ ಶೇಷತ್ತೆ. ಅಪ್ಪಯ್ಯನ ಅಕ್ಕ. ಹದಿಮೂರಕ್ಕೆ ಗಂಡ ಸತ್ತ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಕೂರಿಸಿದರಂತೆ. ಮೈಸೂರಿಗೆ ಹೋಗುವ ತನಕ ನನ್ನನ್ನು ಸಾಕಿದವಳು ಅವಳೇ.

"ಅದ್ರಲ್ಲಿ ದೂರ ನಿಂತವ್ರನ್ನೂ ತೆಗೆಯಲಕ್ಕಡ, ಹೌದನಾ?"

"ಹೌದು ಅತ್ತೆ."

"ದಣಪೆ ಹತ್ರ ನಿಂತ್ರೂ ಬತ್ತಾ?"

ದಣಪೆ ಗದ್ದೆಯ ಆ ತುದಿಗೆ. ಎರಡು ಕಂಬದ ತೂತಿಗೆ ಬಿದಿರು ಗಳ ತೂರಿಸಿದ ಬಾಗಿಲು. ರಸ್ತೆಯ ತಿರುವಿನಿಂದ ನಾನೂರು ಅಡಿಯಾದರೂ ಇದೆ.

"ಬತ್ತು."

"ನಿನ್ನ ಅಪ್ಪಯ್ಯಂಗೆ ಗೊತ್ತಾಗ್ತಿಲ್ಯ?"

"ಇಲ್ಲೆ."

"ಹಂಗಾರೆ ನಂದೂ ಒಂದು ತೆಗಿ ಮಾಣಿ. ಕನ್ನಡಿ ನೋಡ್ದೆ ನಲವತ್ತು ವರ್ಷ ಆತು. ಮುಖ ಹೆಂಗಿದ್ದು ಹೇಳೇ ಮರ್ತೋಯ್ದು." ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ನನ್ನ ಉಪನಯನದ ಗ್ರೂಪ್ ಫೋಟೋ ನೆನಪಾಯಿತು. ಎಂಟು ವರ್ಷ ಆಗ. ನನ್ನ ಶಾಲು ಸರಿ ಮಾಡಲು ಬಂದವಳಿಗೆ ಅಪ್ಪಯ್ಯ ಮೆಲ್ಲಗೆ, "ಅಕ್ಕಾ, ಹಿಂದೆ ಸರಿ" ಅಂದ. ಸರಿದಳು. ಸರಿಯುತ್ತ ಸರಿಯುತ್ತ ದಣಪೆಯವರೆಗೂ ಹೋದಳು. ಫೋಟೋದವನು "ಎಲ್ಲರೂ ಬಂದ್ರಾ?" ಅಂದ. ಎಲ್ಲರಿಗಿಂತ ಜೋರಾಗಿ "ಹೌದು" ಅಂದವನು ನಾನು.

ಮಾತಾಯಿತು — ೨೭ಕ್ಕೆ, ಭಾನುವಾರ, ಮಧ್ಯಾಹ್ನ. ಅವಳು ದಣಪೆಯ ಬಳಿ. ನಾನು ತಿರುವಿನಲ್ಲಿ. ಮನೆಗೆ ಹೋಗುವುದೇ ಇಲ್ಲ. ಯಾರಿಗೂ ತಿಳಿಯುವುದಿಲ್ಲ.

ಜಗಲಿಗೆ ಬಂದು ಜೂಮ್ ಎತ್ತಿಕೊಂಡೆ.

"ಹೊರಲೆ ಆಗ್ತನಾ ನಿಂಗೆ?" ಅಂದ ಮಾವ. ಆಮೇಲೆ ಎರಡು ಪಾಠ ಹೇಳಿದ. ಒಂದು, ಪ್ರತಿ ಫೋಟೋಕ್ಕೂ ರಿಂಗಿನ ನಂಬರ್ ಬರೆದಿಡು. ಎರಡು, "ಹದಿಮೂರು ಅಡಿಗಿಂತ ಹತ್ರ ಬಂದವ್ರು ಇದಕ್ಕೆ ಕಾಣ್ತ್ವಿಲ್ಲೆ. ಮಸುಕು."

ಅಷ್ಟು ಹತ್ತಿರ ನನ್ನ ಬಳಿ ಯಾರು ಬರುತ್ತಾರೆ!

೧೯ ನವೆಂಬರ್, ಶನಿವಾರ

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಎರಡು ಕಿಲೋಗೆ ನೂರು ಗ್ರಾಂ ಕಡಿಮೆ. ಟವೆಲಿನಲ್ಲಿ ಸುತ್ತಿ ಎದೆಗೆ ಆನಿಸಿಕೊಂಡು ನಡೆಯುತ್ತೇನೆ. ಹೆಗಲ ಮೇಲೆ ಪಟ್ಟಿಯ ಬರೆ. ರೂಮ್‌ಮೇಟ್ ಭೂತಪ್ಪ, ಬ್ಯಾಕೋಡಿನವನು, ಬಾಗಿಲಲ್ಲೇ ಹಿಡಿದ.

"ಎಂತಾ ಮಾರಾಯಾ, ಕೂಸಿಗೆ ಹಾಲು ಕುಡಿಸಿದ್ಯಾ?"

ಆದರೂ ಸುಖ ಇದೆ. ಕೆರೆ ಏರಿಯ ಮೇಲೆ ನಿಂತರೆ ಆಚೆ ದಡದವರ ಹುಬ್ಬೂ ಕಾಣುತ್ತದೆ. ಅವರಿಗೆ ನಾನು ಕಾಣುವುದಿಲ್ಲ. ಮಾತಾಡಬೇಕಾಗಿಲ್ಲ. ಹತ್ತಿರ ಹೋಗಬೇಕಾಗಿಲ್ಲ. ಇಡೀ ಲೋಕವೇ ಹೀಗಿದ್ದರೆ...

೨೭ ನವೆಂಬರ್, ಭಾನುವಾರ

ಹೋಗಲಿಲ್ಲ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದೆ. ಹೊಸನಗರದ ಬಸ್ಸು ನಿಂತೇ ಇತ್ತು. ಅಪ್ಪಯ್ಯ ಗದ್ದೆ ಕಡೆ ಬಂದರೆ? ತಿರುವಿನಲ್ಲಿ ನನ್ನನ್ನು ಕಂಡು "ಇಲ್ಲೆಂತ ಮಾಡ್ತಾ ಇದ್ದೆ?" ಅಂದರೆ? ಕಂಡಕ್ಟರ್ ಎರಡು ಸಲ ಕೂಗಿದ. ಬಸ್ಸು ಹೋಯಿತು.

ಭೂತಪ್ಪನ ಜೊತೆ ಇಕ್ಕೇರಿಗೆ ಹೋದೆ. ದೇವಸ್ಥಾನದ ಹಿಂದಿನ ಖಾಲಿ ಬಯಲು ಒಂದು ತೆಗೆದೆ. ಮಧ್ಯಾಹ್ನ ೧೨.೩೦. ರಿಂಗ್ ೨೫೦.

ಮುಂದಿನ ವಾರ ಖಂಡಿತ.

೩ ಡಿಸೆಂಬರ್, ಶನಿವಾರ

ಮಂಜುನಾಥಪ್ಪನವರ ಸ್ಟುಡಿಯೋದಿಂದ ಪ್ರಿಂಟ್ ತಂದೆ.

"ಬಯಲು ಚೆನ್ನಾಗಿ ಬಂದೈತೆ. ಈಯಮ್ಮನ್ನ ಯಾಕೆ ಅಷ್ಟು ದೂರ ನಿಲ್ಸಿದ್ರಿ?"

"ಯಾವ ಅಮ್ಮ?"

ಭೂತಗನ್ನಡಿ ಕೊಟ್ಟರು. ಬಯಲಿನ ಕೊನೆಯಲ್ಲಿ ಅಕ್ಕಿ ಕಾಳಿನಷ್ಟು ಎತ್ತರ, ತಲೆ ತುಂಬ ಸೆರಗು ಹೊದ್ದ ಹೆಂಗಸು. ಪಕ್ಕದಲ್ಲಿ ಎರಡು ಕಂಬ, ಅಡ್ಡ ಗಳ.

ಬಯಲು ಖಾಲಿ ಇತ್ತು. ನಾನು ನೋಡಿಯೇ ತೆಗೆದದ್ದು. ಭೂತಪ್ಪನಿಗೆ ತೋರಿಸಿದೆ. ಅವನು ನಗಲಿಲ್ಲ.

"ಅಲ್ಲಿ ದಣಪೆ ಎಲ್ಲೈತಾ? ಬೇಲಿನೇ ಇಲ್ಲ ಆ ಬಯಲಿಗೆ."

೪ ಡಿಸೆಂಬರ್, ಭಾನುವಾರ

ಇವತ್ತೂ ಬಸ್‌ಸ್ಟ್ಯಾಂಡ್. ಇವತ್ತೂ ವಾಪಸ್. ಟೆಸ್ಟ್ ಇದೆ, ಅದು ಸುಳ್ಳಲ್ಲ.

ಸಂಜೆಗೆ ಮುಂಚೆ ವರದಮೂಲದ ಕಡೆ ನಡೆದೆ. ಕಲ್ಯಾಣಿ, ಮೆಟ್ಟಿಲು, ಯಾರೂ ಇಲ್ಲ. ಕಣ್ಣಿನಿಂದಲೂ ನೋಡಿದೆ, ಲೆನ್ಸಿನಲ್ಲೂ ನೋಡಿದೆ. ಒಂದೇ ಫೋಟೋ. ೨೦೦.

೬ ಡಿಸೆಂಬರ್, ಮಂಗಳವಾರ

ತಂಗಿ ಮೂಕಾಂಬಿಕಾ ಕಾಗದ ಬರೆದಿದ್ದಾಳೆ. "ಹೋದ ವಾರ ಭಾನುವಾರ ಶೇಷತ್ತೆ ದಣಪೆ ಹತ್ರ ಬಿಸಿಲಲ್ಲಿ ಸಂಜೆ ತನಕ ನಿಂತಿತ್ತು. ಎಂತಕ್ಕೆ ಹೇಳಿ ಕೇಳಿದ್ರೆ ಹೇಳ್ತಿಲ್ಲೆ. ಈಗ ಜ್ವರ. ಮಾಣಿ ಯಾವಾಗ ಬತ್ತ ಹೇಳಿ ದಿನಾ ಕೇಳ್ತಾ ಇದ್ದು."

೧೧ಕ್ಕೆ ಬರುತ್ತೇನೆ ಅಂತ ಕಾರ್ಡ್ ಹಾಕಿದೆ. ಪೋಸ್ಟ್ ಡಬ್ಬಿಗೆ ಹಾಕಿದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ. ಅದಕ್ಕೇ ಹಾಕಿದೆ.

೧೧ ಡಿಸೆಂಬರ್, ಭಾನುವಾರ. ತೀರ್ಥಹಳ್ಳಿ

ಕ್ರಿಕೆಟ್ ಟೀಮಿನವರು ಬಿಡಲಿಲ್ಲ. "ನಿನ್ನ ತೋಪು ತಗೊಂಡು ಬಾ, ಮ್ಯಾಚ್ ತೆಗಿ." ಫಸ್ಟ್ ಇಯರಿನವನನ್ನು ಇವರು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಲೆನ್ಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ.

ಬಸ್ಸು ಹೊಸನಗರದ ಮೇಲೆ ಬಂತು. ನಮ್ಮೂರ ತಿರುವು. ಬೂಟಿನ ಲೇಸ್ ಕಟ್ಟುವವನ ಹಾಗೆ ಬಗ್ಗಿದೆ. ತಿರುವು ದಾಟುವವರೆಗೂ ಕಟ್ಟಿದೆ. ಹೇಡಿ ನಾನು, ಡ್ಯಾಮ್ ಕವರ್ಡ್.

ಬೌಂಡರಿ ಕಡೆಯ ಫೋಟೋ ಒಂದು. ೧೩೫.

೧೬ ಡಿಸೆಂಬರ್, ಶುಕ್ರವಾರ

ಮಂಜುನಾಥಪ್ಪ ಪ್ರಿಂಟನ್ನು ಕೌಂಟರಿನ ಮೇಲೆ ಹರಡಿ ನಗುತ್ತಿದ್ದರು. "ಏನ್ ಸ್ವಾಮಿ, ಈಯಮ್ಮ ನಿಮ್ಮ ಟೀಮಿನ ಹನ್ನೆರಡನೇ ಪ್ಲೇಯರಾ?"

ವರದಮೂಲದ ಮೆಟ್ಟಿಲಿನ ಆಚೆ. ತೀರ್ಥಹಳ್ಳಿಯ ಬೌಂಡರಿಯ ಆಚೆ. ಅದೇ ಸೆರಗು. ಅದೇ ಎರಡು ಕಂಬ. ಮುಖ ಮಾತ್ರ ಎಲ್ಲೂ ಇಲ್ಲ.

ಮೂರು ಪ್ರಿಂಟಿನಲ್ಲೂ ಸ್ಕೇಲಿಟ್ಟು ಅಳೆದೆ. ಮೂರರಲ್ಲೂ ಒಂದೇ ಎತ್ತರ. ಸ್ವಲ್ಪ ಸಮಾಧಾನ ಆಯಿತು — ಅಲ್ಲೇ ನಿಂತಿದ್ದಾಳೆ, ಅಷ್ಟೇ ದೂರ.

ಆಮೇಲೆ ಈ ಪುಸ್ತಕ ತೆಗೆದೆ. ೨೫೦. ೨೦೦. ೧೩೫.

ನಂಬರ್ ಇಳಿಯುತ್ತ ಬಂದಿದೆ, ಅವಳು ಚಿಕ್ಕದಾಗಿ ಕಾಣಬೇಕಿತ್ತು. ಆದರೂ ಅವಳು ಅಷ್ಟೇ ಎತ್ತರ. ಫಿಸಿಕ್ಸ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವಳು ನಿಂತ ದೂರ ಲೆಕ್ಕ ಮಾಡಿದೆ. ನಾನೂರು ಅಡಿ. ಮುನ್ನೂರ ಇಪ್ಪತ್ತು. ಇನ್ನೂರ ಹದಿನಾರು. ಈ ಒಂದು ಲೆಕ್ಕ ಮೂರು ಸಲ ಮಾಡಿದರೂ ಅದೇ ಉತ್ತರ.

ರಿಂಗಿನಲ್ಲಿ ೮೫ಕ್ಕಿಂತ ಕೆಳಗೆ ನಂಬರ್ ಇಲ್ಲ. ಅಲ್ಲಿಂದ ಮುಂದೆ ಅವಳು ದೊಡ್ಡವಳಾಗುವುದೊಂದೇ ದಾರಿ.

೧೯ ಡಿಸೆಂಬರ್, ಸೋಮವಾರ

ಅಪ್ಪಯ್ಯನ ಕಾಗದ. "ಶೇಷಕ್ಕ ೯ನೇ ತಾರೀಖು ಶುಕ್ರವಾರ ತೀರಿಕೊಂಡಳು. ನಿನ್ನ ಓದು ಕೆಡುವುದು ಬೇಡವೆಂದು ತಿಳಿಸಲಿಲ್ಲ. ಕಾಗದ ತಲುಪಿದ ಕೂಡಲೇ ತಲೆಗೆ ಸ್ನಾನ ಮಾಡು."

ಕೆಳಗೆ ಮೂಕಾಂಬಿಕಾ ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ. "ನಿನ್ನ ಕಾರ್ಡ್ ಬಂದಿತ್ತು. ಅತ್ತೆಗೆ ನಾನೇ ಓದಿ ಹೇಳಿದ್ದಿ. ೧೧ಕ್ಕೆ ಮಾಣಿ ಬರದಿದ್ರೆ ನಾನೇ ಅವನ ಹತ್ರ ಹೋಗ್ತಿ ಹೇಳ್ತು."

ಸ್ನಾನ ಮಾಡಿದೆ. ತಣ್ಣೀರು. ಎರಡು ಸಲ ಮಾಡಿದೆ.

ಲೆನ್ಸನ್ನು ಟ್ರಂಕಿನ ತಳಕ್ಕೆ ಹಾಕಿದೆ. ಹದಿಮೂರನೇ ದಿನಕ್ಕೂ ಊರಿಗೆ ಹೋಗುವುದಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

೫ ಜನವರಿ ೧೯೬೭, ಗುರುವಾರ

ಹದಿನೇಳು ದಿನ ಏನೂ ಬರೆದಿರಲಿಲ್ಲ. ಹೆಗಲ ಬರೆ ಮಾಸಿತ್ತು. ನಿದ್ದೆಯೂ ಬರುತ್ತಿತ್ತು.

ಮೊನ್ನೆ ನಾನು ಮೆಸ್ಸಿನಿಂದ ಬರುವಾಗ ಭೂತಪ್ಪ ಕ್ಯಾಮೆರಾ ಹಿಡಿದು ಅಂಗಳದ ಆಚೆ ನಿಂತಿದ್ದ. ಟ್ರಂಕಿಗೆ ಬೀಗ ಹಾಕಿರಲಿಲ್ಲ. "ನಿಂದೇ ಒಂದೂ ಇಲ್ವಲ್ಲಾ, ನಗಾಡಾ ಸ್ವಲ್ಪ!" ನಾನು ಓಡುವ ಮೊದಲೇ ಒತ್ತಿದ್ದ.

ಇವತ್ತು ಪ್ರಿಂಟ್ ಅವನೇ ತಂದ. ಕೊಡಲು ಹಿಂದೆಮುಂದೆ ನೋಡಿದ. ಮೆಟ್ಟಿಲ ಮೇಲೆ ನಾನು. ಬಾಯಿ ತೆರೆದಿದೆ. ನನ್ನ ಪಕ್ಕಕ್ಕೆ, ಎರಡು ಮಾರು ದೂರದಲ್ಲಿ, ಅವಳು. ಅಕ್ಕಿ ಕಾಳಲ್ಲ. ನನ್ನ ಭುಜದಷ್ಟು ಎತ್ತರ.

"ಯಾರಾ ಇದು?" ಅಂದ.

"ಎಷ್ಟಕ್ಕೆ ತೆಗೆದೆ? ರಿಂಗ್ ಎಷ್ಟರಲ್ಲಿತ್ತು?"

"ಕಡೀಗಿತ್ತು. ೮೫. ಯಾರಾ ಅದು, ಹೇಳಾ."

ಭೂತಪ್ಪನ ಕಡೆಗೆ ಅವಳ ಬೆನ್ನೂ ಇಲ್ಲ, ಮುಖವೂ ಇಲ್ಲ. ಪಕ್ಕಕ್ಕೆ ತಿರುಗಿದ್ದಾಳೆ. ನನ್ನ ಕಡೆಗೆ. ಇಷ್ಟು ದಿನ ಕ್ಯಾಮೆರಾದ ಕಡೆಗೆ ಬರುತ್ತಿದ್ದಾಳೆ ಅಂದುಕೊಂಡಿದ್ದೆ.

"ನಮ್ಮತ್ತೆ," ಅಂದೆ. ಬಾಯಿ ಬಿಟ್ಟು ಹೇಳಿದ್ದು ಇದೇ ಮೊದಲು.

ಭೂತಪ್ಪ ಪ್ರಿಂಟನ್ನು ಮಗುಚಿಟ್ಟ. "ಏನ್ ಬೇಕಂತೆ ಅವ್ರಿಗೆ?"

"ಒಂದು ಫೋಟೋ."

"ತೆಗದು ಬಿಡಾ ಮತ್ತೆ!"

೮ ಜನವರಿ, ಭಾನುವಾರ. ಊರ ತಿರುವು. ಮಧ್ಯಾಹ್ನ ೧೨.೧೦

ಬಂದೆ. ಬಸ್ಸು ಇಳಿಸಿ ಹೋಯಿತು. ಈ ಸಲ ಹಿಂದೆ ಹೋಗುವುದಿಲ್ಲ. ಅವಳ ಮುಖ ತೆಗೆದುಕೊಂಡೇ ಹೋಗುವುದು. ಅಪ್ಪಯ್ಯ ಬಂದರೂ ಬರಲಿ.

ಲೆನ್ಸಿನ ಚರ್ಮದ ಪೆಟ್ಟಿಗೆಯನ್ನು ಮೈಲಿಗಲ್ಲಿನ ಮೇಲಿಟ್ಟಿದ್ದೇನೆ. ಗದ್ದೆ ಕೊಯ್ಲಾಗಿದೆ, ಬರೀ ಕೂಳೆ. ಒಂದು ಹಕ್ಕಿಯೂ ಇಲ್ಲ. ಆಚೆ ತುದಿಗೆ ದಣಪೆ.

೨೫೦ — ದಣಪೆ ಖಾಲಿ. ಬಿದಿರಿನ ಗಿಣ್ಣು ಕಾಣುತ್ತದೆ. ಯಾರೂ ಇಲ್ಲ.

೨೦೦ — ಇಲ್ಲ.

೧೩೫ — ಕೂಳೆ, ಬಿಸಿಲು.

ಬರಲಿಲ್ಲವೇನೋ. ಅವಳೂ ಒಂದು ದಿನ ಬರದಿರಬಹುದಲ್ಲ...

೧೨.೨೫

೮೫ಕ್ಕೆ ತಂದೆ. ಕಣ್ಣಿಟ್ಟ ಫೈಂಡರ್ ತುಂಬ ಕೆಂಪು.

ಕ್ಯಾಮೆರಾ ಇಳಿಸಿದೆ. ರಸ್ತೆ ಖಾಲಿ. ಏರಿಸಿದೆ. ಕೆಂಪು. ಮೇಲುಗಡೆ, ಮುಖ ಇರಬೇಕಾದಲ್ಲಿ, ಒಂದು ಬಿಳಿ ಮಸುಕು. ಬಚ್ಚಲ ಒಲೆಯ ಹೊಗೆಯ ವಾಸನೆ. ಅವಳ ಸೀರೆಯದ್ದು. ಎಂಟು ವರ್ಷದ ತನಕ ಅದರಲ್ಲೇ ಮುಖ ಒರೆಸಿಕೊಂಡವನು ನಾನು.

ಫೋಕಸ್ ಕೊನೆಯವರೆಗೂ ತಿರುಗಿಸಿದೆ. ಮಸುಕೇ. ಹದಿಮೂರು ಅಡಿಯ ಒಳಗಿದ್ದಾಳೆ. ಬೇರೆ ಲೆನ್ಸಿಲ್ಲ. ನಾನೇ ಆರಿಸಿದ್ದು, ದೂರದಿಂದ ತೆಗೆಯುವುದಕ್ಕೆ.

ಒಂದು ಮಾತು ಹೇಳಿದರೆ ಸಾಕು. ಎರಡೇ ಶಬ್ದ, ಅವತ್ತು ಅಪ್ಪಯ್ಯ ಅಂದದ್ದೇ. ಅವಳಿಗೆ ಅಭ್ಯಾಸವಿದೆ, ಹೇಳಿದರೆ ಸರಿಯುತ್ತಾಳೆ.

ಹೇಳಲಾರೆ.

೧೨.೪೦

ಹೇಳಲಿಲ್ಲ. ನಾನೇ ಹಿಂದೆ ಸರಿದೆ. ಕಣ್ಣು ಫೈಂಡರಿನಲ್ಲೇ. ಒಂದು ಹೆಜ್ಜೆ. ಅವಳೂ ಬಂದಳೇನೋ, ಅಷ್ಟೇ ಕೆಂಪು, ಅಷ್ಟೇ ಮಸುಕು. ಇನ್ನೊಂದು. ಇನ್ನೊಂದು. ಎಣಿಸಿದೆ, ಒಟ್ಟು ಒಂಬತ್ತೇ ಹೆಜ್ಜೆ. ಬೆನ್ನಿಗೆ ಏನೋ ತಾಗಿತು.

ಬಿದಿರು ಗಳ. ಎರಡು ಕಂಬ.

ದಣಪೆಗೆ ಒರಗಿಕೊಂಡೇ ಬರೆಯುತ್ತಿದ್ದೇನೆ. ಮಧ್ಯೆ ಇಡೀ ಗದ್ದೆ ಇದೆ. ಆಚೆ, ತಿರುವಿನಲ್ಲಿ, ಮೈಲಿಗಲ್ಲು ಕಾಣುತ್ತದೆ. ಪೆಟ್ಟಿಗೆ ನಾನಿಟ್ಟ ಹಾಗೇ ಇದೆ. ಅದರ ಪಕ್ಕ ಅವಳು ನಿಂತಿದ್ದಾಳೆ, ಈಗ ಬರಿಗಣ್ಣಿಗೂ ಕಾಣುತ್ತಾಳೆ, ಸೆರಗು ಹಿಂದಕ್ಕೆ ಸರಿಸುತ್ತಿದ್ದಾಳೆ. ೨೫೦ ಇಟ್ಟರೆ ಮುಖ ಸಿಗುತ್ತದೆ. ನನ್ನ ಕೈಯಲ್ಲಿ ಈ ಪುಸ್ತಕ, ಪೆನ್ನು, ಅಷ್ಟೇ. ಕ್ಯಾಮೆರಾ ಅವಳ ಕೈಯಲ್ಲಿ. ಕಣ್ಣಿಗೆ ಹಿಡಿದು, ರಿಂಗ್ ಮೆಲ್ಲಗೆ ತಿರುಗಿಸಿ, ನನ್ನನ್ನು ಹತ್ತಿರ