ಅಪ್ಪನ ಕೈಯೆತ್ತರದ ಮರ

ಮನೆಯಿಂದ,
ಡಿಸೆಂಬರ್ ಹತ್ತೊಂಬತ್ತು, ಮಧ್ಯಾಹ್ನ

ಅಣ್ಣಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ನೋಡುತ್ತೀಯ, ಸುಮ್ಮನಾಗುತ್ತೀಯ. ಅದಕ್ಕೇ ನಿನ್ನ ಅಂಗಡಿಯ ವಿಳಾಸಕ್ಕೆ ಕಾಗದ ಹಾಕುತ್ತಿದ್ದೇನೆ. ಕಾಗದವನ್ನು ಸೈಲೆಂಟ್‌ನಲ್ಲಿ ಇಡೋಕೆ ಆಗಲ್ಲವಲ್ಲ. ಹಾಸ್ಟೆಲಿನಲ್ಲಿ ವಾರ್ಡನ್ ಓದಿದ ಮೇಲೇ ಅಂಚೆಗೆ ಬೀಳುವ ಪತ್ರ ಬರೆದು ಬೆಳೆದವಳು ನಾನು. ‘ಇಲ್ಲಿ ಎಲ್ಲರೂ ಕ್ಷೇಮ’ ಅನ್ನುವ ಸಾಲು ಕೈಗೆ ತಾನಾಗಿಯೇ ಬಂದುಬಿಡುತ್ತದೆ. ಈಗಲೂ ಬಂದಿತ್ತು. ಆ ಹಾಳೆಯನ್ನು ಹರಿದು ಇದನ್ನು ಶುರು ಮಾಡಿದೆ.

ಅಮ್ಮ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಮಾಡಿಸಿದ್ದಾಳೆ: ಅಪ್ಪನ ಆರೋಗ್ಯದ ಬಗ್ಗೆ ನಿನಗೆ ಒಂದಕ್ಷರವನ್ನೂ ಬರೆಯಬಾರದು. ಅದು ಅಪ್ಪನದೇ ಅಪ್ಪಣೆಯಂತೆ. “ಅಯ್ಯೋ ಪಾಪ ಅಂತ ಬರೋ ಮಗ ನಂಗೆ ಬೇಡ, ಬರಬೇಕು ಅನ್ನಿಸಿ ಬರೋನಾದ್ರೆ ಬರಲಿ” ಅಂದರಂತೆ. ಸರಿ, ಬರೆಯುವುದಿಲ್ಲ. ಆದರೆ ನಾನು ಲಾ ಫಸ್ಟ್ ಇಯರ್ ಅನ್ನುವುದನ್ನು ಅಮ್ಮ ಮರೆತಳು. ಅವಳು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ. ಮರದ ಬಗ್ಗೆ ಬರೆಯಬಾರದು ಅಂತ ಯಾರೂ ಹೇಳಿಲ್ಲ.

ಈ ಸಲ ಕ್ರಿಸ್‌ಮಸ್‌ಗೆ ಮರ ತಂದೆವು. ನೀನು ಹೋದ ಮೇಲೆ ಮನೆಗೆ ಮರ ಬಂದಿರಲಿಲ್ಲ, ನಿನಗೆ ಗೊತ್ತಿರಲಿಕ್ಕಿಲ್ಲ. ನಾನು ರಜೆಗೆ ಬಂದ ಮರುದಿನ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, “ಏಯ್ ಗುಂಡುಪಿನ್ನು, ನಡಿ, ಮರ ತರೋಣ” ಅಂದರು. ಬಸ್ ಸ್ಟ್ಯಾಂಡಿನ ಪಕ್ಕದ ಮೈದಾನ ಎಷ್ಟು ದೂರ ಹೇಳು? ದಾರಿಯಲ್ಲಿ ಬೇಕರಿಯ ಕಟ್ಟೆಯ ಮೇಲೆ ಕೂತೆವು. ಆಮೇಲೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಕೂತಾಗಲೆಲ್ಲ ಅಪ್ಪ ಹೋಗಿಬರುವವರ ಬಟ್ಟೆ ನೋಡಿ ಬೈಯುತ್ತಿದ್ದರು. “ನೋಡು ಆ ಭುಜ, ಹ್ಯಾಂಗರ್‌ಗೆ ಹೊಲಿದಿದ್ದಾರೆ, ಮನುಷ್ಯನಿಗಲ್ಲ. ನಮ್ಮ ರೆಡಿಮೇಡ್ ಸಾಹೇಬರ ಅಂಗಡಿಯದ್ದೇ ಇರಬೇಕು.” ನಿನ್ನ ಹೆಸರು ಈಗ ಅದೇ. ಸುಮ್ಮನೆ ಕೂತಿರುವಾಗಲೂ ಆ ಸಾಹೇಬರ ಸುದ್ದಿ ಬಾರದ ದಿನವಿಲ್ಲ.

ಮರ ಆರಿಸುವಾಗ ಅಪ್ಪ ಏನು ಮಾಡುತ್ತಾರೆ, ನೆನಪಿದೆಯಾ? ಇಡೀ ದಿನ ಕೊರಳಲ್ಲಿ ಟೇಪು ನೇತುಹಾಕಿಕೊಂಡಿರುವ ಟೇಲರು ಮರಕ್ಕೆ ಮಾತ್ರ ಟೇಪು ಹಿಡಿಯುವವರಲ್ಲ. ಮರಕ್ಕೆ ಬೆನ್ನು ಕೊಟ್ಟು ನಿಂತು ಬಲಗೈ ಮೇಲೆತ್ತುತ್ತಾರೆ. ಬೆರಳ ತುದಿಗೆ ಮರದ ತುದಿ ಬರಬೇಕು. ಅಂಥ ಮರವನ್ನು ಬಕೆಟ್ಟಿನಲ್ಲಿ ನಿಲ್ಲಿಸಿದರೆ ನಮ್ಮ ಹಾಲಿನ ತಾರಸಿಗೆ ಸರಿಯಾಗಿ ಒಂದು ಗೇಣು ಉಳಿಯುತ್ತದೆ. ಆ ಗೇಣು ನಕ್ಷತ್ರಕ್ಕೆ. ಒಂದು ವರ್ಷವೂ ತಪ್ಪಿದ್ದಿಲ್ಲ.

ಈ ಸಲವೂ ಹಾಗೇ ನಿಂತರು, ಕೈಯೆತ್ತಿದರು. ನಾನು ಅವರ ಎದುರಿಗೇ ಇದ್ದೆ. ಕೈ ಕಿವಿಯ ಮಟ್ಟ ದಾಟಿ ಹೋಗಲಿಲ್ಲ. ಮೊಣಕೈ ಬಾಗಿಯೇ ಇತ್ತು. ಬೆನ್ನೂ ನೆಟ್ಟಗಿರಲಿಲ್ಲ. ಆದರೆ ಅಪ್ಪನಿಗೆ ತನ್ನ ಕೈ ತನಗೆ ಕಾಣುವುದಿಲ್ಲವಲ್ಲ! ಬೆರಳಿಗೆ ಎಲೆ ತಗುಲಿತು, “ಇದೇ, ಕಟ್ಟಿಕೊಡಯ್ಯ” ಅಂದುಬಿಟ್ಟರು. ಮರದವನು ಹಳಬ, ಬಾಯಿ ಸುಮ್ಮನಿರಬೇಕಲ್ಲ. “ಏನ್ ಟೇಲರ್ ಸಾಹೇಬ್ರೇ, ಈ ಸಲ ಇಷ್ಟು ಗಿಡ್ಡ? ಮನೆ ತಾರಸಿ ಇಳಿಸಿದ್ರಾ?” ಅಂತ ನಕ್ಕ. ಅಪ್ಪ, “ಮರ ಗಿಡ್ಡ ಅಲ್ಲಯ್ಯ, ನಿನ್ನ ನಾಲಿಗೆ ಉದ್ದ” ಅಂದರು. ಇಬ್ಬರೂ ನಕ್ಕರು. ಅಳತೆ ತಪ್ಪಿದೆ ಅಂತ ನಾನು ಆಗಲೇ ಹೇಳಬಹುದಿತ್ತು. ಆದರೆ ಅಪ್ಪನ ಅಳತೆ ತಪ್ಪು ಅನ್ನುವ ವಾಕ್ಯ ನಮ್ಮ ಮನೆಯಲ್ಲಿ ಯಾರ ಬಾಯಿಗಾದರೂ ಬಂದಿದೆಯಾ? ನೀನೊಬ್ಬನೇ ಅಂದದ್ದು, “ನಿಮ್ಮ ಅಳತೆಗೆ ಕತ್ತರಿಸೋಕೆ ನಾನು ಬಟ್ಟೆ ಅಲ್ಲ” ಅಂತ. ಅಂದು ಹೊರಟೂ ಹೋದೆ.

ಮನೆಗೆ ತಂದು ಬಕೆಟ್ಟಿನಲ್ಲಿ ನಿಲ್ಲಿಸಿ, ಕಲ್ಲು ತುಂಬಿ, ನೀರು ಹಾಕಿದೆವು. ಮೇಲೆ ಉಳಿದದ್ದು ಗೇಣಲ್ಲ, ಒಂದು ಮೊಳಕ್ಕೂ ಜಾಸ್ತಿ. ಬಿಳಿ ಗೋಡೆ ಖಾಲಿಯಾಗಿ ಕಾಣುತ್ತಿತ್ತು. ಅಮ್ಮ ಅವಸರವಾಗಿ, “ಗಿಡ್ಡದೇ ಚೆಂದ ಬಿಡಿ, ಗುಡಿಸೋ ಕಸ ಕಮ್ಮಿ” ಅಂದಳು. ಅಪ್ಪ ಆ ಖಾಲಿ ಗೋಡೆಯನ್ನೇ ನೋಡುತ್ತ ನಿಂತರು. ಆಮೇಲೆ ತಮ್ಮ ಬಲಗೈಯನ್ನು ಮುಂದೆ ಚಾಚಿ, ಯಾರೋ ಗಿರಾಕಿಯ ತೋಳು ನೋಡುವ ಹಾಗೆ ನೋಡಿದರು. “ಅಳತೆ ತಪ್ಪಿತು” ಅಂದರು. ಅಷ್ಟೇ. ಹೋಗಿ ಮೆಷಿನ್ನಿನ ಮುಂದೆ ಕೂತರು. ಮೆಷಿನ್ ಈಗ ಹಾಲಿಗೇ ಬಂದಿದೆ. ಅಂಗಡಿ ದೂರವಾಯಿತಂತೆ. ಅಂಗಡಿ ಇದ್ದಲ್ಲೇ ಇದೆ.

ಅಲಂಕಾರ ನಾನು, ಅಮ್ಮ ಮಾಡಿದೆವು. ಹಳೇ ಡಬ್ಬದ ಬಟನ್ ಎಲ್ಲ ದಾರಕ್ಕೆ ಪೋಣಿಸಿದೆ, ಲೈನಿಂಗಿನ ಕೆಂಪು ಚೂರುಗಳಲ್ಲಿ ಅಮ್ಮ ಬೋ ಕಟ್ಟಿದಳು, ಖಾಲಿ ದಾರದ ಉರುಳೆಗಳನ್ನು ನೇತುಹಾಕಿದೆವು. ಅಪ್ಪ ಕೂತಲ್ಲಿಂದಲೇ, “ಎಡಗಡೆ ಭಾರ ಆಯ್ತು, ಬಲಗಡೆ ಒಂದು ಕೊಡು” ಅನ್ನುತ್ತಿದ್ದರು. ಕೊನೆಗೆ ನಕ್ಷತ್ರ ತೆಗೆದೆ. ನೀನು ಚಿಕ್ಕವನಿದ್ದಾಗ ಜರಿ ಬಟ್ಟೆಯಲ್ಲಿ ಹೊಲಿದದ್ದು, ಒಂದು ಮೂಲೆ ಕುಂಟು. ಈ ಮರದ ತುದಿ ನಿಂತಲ್ಲಿಂದಲೇ ನನಗೂ ಸಿಗುತ್ತದೆ. ಕೈ ಚಾಚಿದೆ. “ಅದು ಡಬ್ಬದಲ್ಲೇ ಇರಲಿ, ಅದಕ್ಕೆ ಎತ್ತರದವರು ಬೇಕು” ಅಂದರು ಅಪ್ಪ. ಅಮ್ಮ ನನ್ನ ಮುಖ ನೋಡಿದಳು. ನಾನು ನಕ್ಷತ್ರವನ್ನು ಡಬ್ಬದಲ್ಲಿಟ್ಟೆ.

ಇನ್ನೊಂದು ವಿಷಯ. ಶರ್ಟಿನ ಬಗ್ಗೆ, ಆರೋಗ್ಯದ ಬಗ್ಗೆ ಅಲ್ಲ. ಬಸ್ಸಿಳಿದಾಗ ಅಪ್ಪ ನನಗೆ ಯಾವಾಗಿನ ಹಾಗೇ ಕಂಡಿದ್ದರು. ಕೋಪ ಬಂತು ಕೂಡ, ಅಮ್ಮ ಫೋನಿನಲ್ಲಿ ಅತ್ತದ್ದೆಲ್ಲ ಸುಮ್ಮನೆ ಅಂತ. ನಿನ್ನೆ ಒಗೆದ ಶರ್ಟು ತಿರುವಿ ಹಾಕುವಾಗ ನೋಡಿದೆ. ಪಕ್ಕದ ಹೊಲಿಗೆಯ ಒಳಗೆ ಇನ್ನೊಂದು ಹೊಲಿಗೆ, ಅದರೊಳಗೆ ಮತ್ತೊಂದು. ಕಾಲರ್ ಬಿಚ್ಚಿ ಸಣ್ಣದು ಮಾಡಿದ್ದಾರೆ. ಎಲ್ಲ ಶರ್ಟೂ ಹಾಗೇ. ಮೈ ಇಳಿದಂತೆ ಶರ್ಟು ಇಳಿಸುತ್ತಾ ಬಂದಿದ್ದಾರೆ, ಜನ ನೋಡಿದರೆ ಬಟ್ಟೆ ಮೈಗೆ ಹೇಳಿ ಮಾಡಿಸಿದ ಹಾಗಿರಬೇಕು. ಬಟ್ಟೆ ಸಡಿಲವಾದರೆ ತಾನೇ ಕೇಳುವುದು, “ಏನ್ರೀ ಇಳಿದುಹೋದ್ರಿ” ಅಂತ?

ಈಗ ಒಂದು ಖುಷಿಯ ಸುದ್ದಿ, ನನ್ನ ಹೆಸರು ಹೇಳಬೇಡ. ಅಪ್ಪ ನಿನಗೆ ಕೋಟು ಹೊಲಿಯುತ್ತಿದ್ದಾರೆ! ಕಪ್ಪು ಬಟ್ಟೆ, ಒಳ್ಳೆಯದು, ಎಂದೋ ತೆಗೆದಿಟ್ಟದ್ದು. ದಿನಾ ಸ್ವಲ್ಪ ಸ್ವಲ್ಪ ಹೊಲಿದು ಮಡಚಿಡುತ್ತಾರೆ. ಯಾರಿಗೆ ಅಂದರೆ “ನಿಂಗ್ಯಾಕೆ” ಅನ್ನುತ್ತಾರೆ. ನಾನು ಕದ್ದು ಬಿಡಿಸಿ ನೋಡಿದೆ. ಎದೆ ಸಣ್ಣದು, ಸೊಂಟ ಸಣ್ಣದು, ನೀನು ಹೊರಟಾಗ ಹೇಗಿದ್ದೆಯೋ ಹಾಗೆ. ನಿನ್ನ ಅಳತೆ ಅವರಿಗೆ ಬಾಯಿಪಾಠ ಇರಬೇಕು. ಇಷ್ಟರ ಮೇಲೂ ಬರುವುದಿಲ್ಲವಾ? ಬಾ, ಹಾಕಿಕೊಂಡು ನಿಲ್ಲು. ತೋಳು ಗಿಡ್ಡವಾದರೆ ಇಬ್ಬರೂ ಕೂತು ಜಗಳ ಆಡಿ.

ನಾನು ಎಲ್ಲದಕ್ಕೂ ಟೆನ್ಷನ್ ಮಾಡಿಕೊಳ್ಳುವವಳು, ಗೊತ್ತಲ್ಲ. ಕಾಲೇಜಿನ ಸಣ್ಣ ಇಂಟರ್ನಲ್ಸ್ ಪರೀಕ್ಷೆಗೂ ಮೂರು ಪೆನ್ನು ತುಂಬಿಕೊಂಡು ಹೋಗುತ್ತೇನೆ. ಇದೂ ಅಂಥದ್ದೇ ಆಗಿರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ.

ನೀನು ನೆಲಕ್ಕೆ ಬೀಳಿಸಿದ್ದನ್ನೆಲ್ಲ ಆಯಸ್ಕಾಂತ ಹಿಡಿದು ಆಯುತ್ತಿದ್ದ,
ಗುಂಡುಪಿನ್ನು

ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಅಂಚೆಗೆ ಹೊರಟಾಗ ಅಮ್ಮ ಬಾಗಿಲಲ್ಲೇ ಹಿಡಿದು ಏನು ಬರೆದೆ ಅಂತ ಕೇಳಿದಳು. ಮರ, ಶರ್ಟು, ಆಮೇಲೆ ಅಣ್ಣನ ಕೋಟು ಅಂದೆ. ಅಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಅದು ಅವನದಲ್ಲ ಮಗಳೇ, ಅಪ್ಪಂದೇ” ಅಂದಳು. ಅಪ್ಪನಿಗೆ ಅದು ಬಿಗಿಯಾಗುತ್ತದೆ, ಇಷ್ಟು ಇಳಿದ ಮೈಗೂ ಎದೆಯ ಅಂಚುಗಳು ಕೂಡುವುದಿಲ್ಲ ಅಂದೆ. “ಈಗ ಹಾಕ್ಕೊಳ್ಳೋಕಲ್ಲ” ಅಂದಳು. ಪೆಟ್ಟಿಗೆಯಲ್ಲಿ ಮಲಗಿಸುವಾಗ ಸಡಿಲವಾಗಿ ಕಾಣಬಾರದಂತೆ. ಅಷ್ಟು ಹೊತ್ತಿಗೆ ಮೈ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ ಕತ್ತರಿಸಿದ್ದಾರಂತೆ. ಅಣ್ಣಾ, ಆಣೆ ಮುರಿದೆ. ಮರದ ಅಳತೆ ತಪ್ಪಿತು, ಈ ಅಳತೆಯಲ್ಲಿ ಅಪ್ಪ ತಪ್ಪುವುದಿಲ್ಲ. ಕೋಟಿಗೆ ಗುಂಡಿ ಹಾಕುವುದೊಂದು ಬಾಕಿ ಇದೆ. ಅಷ್ಟರೊಳಗೆ ಬಾ.