ಪಟ್ಟಿಯ ಹನ್ನೆರಡನೆಯ ಸಾಲು

ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ನಮ್ಮ ಶಾಲಾ ಜಿಲ್ಲೆಯ ನೌಕರ ಸೌಲಭ್ಯ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೌಕರರು ತಮ್ಮ ನಿವೃತ್ತಿ ಖಾತೆಯನ್ನು ಯಾವ ಕಂಪನಿಯಲ್ಲಿ ತೆರೆಯಬಹುದೆಂದು ನೀವು ಹೊರಡಿಸುವ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿವೆ. ಕಡಿಮೆ ಶುಲ್ಕದ ಇಂಡೆಕ್ಸ್ ಫಂಡ್ ಕೊಡುವ ಕಂಪನಿ ಅದರಲ್ಲಿ ಒಂದೂ ಇಲ್ಲ. ನನ್ನ ದೂರು ಇಷ್ಟೇ. ಮೂರು ವರ್ಷಗಳಿಂದ ನಿಮ್ಮ ಕಚೇರಿಯ ಗಾಜಿನ ಕಿಟಕಿಯ ಮುಂದೆ ಇದನ್ನೇ ಹೇಳುತ್ತಿದ್ದೇನೆ. ಗಾಜು ದಪ್ಪವಿರಬೇಕು, ಅದಕ್ಕೇ ಪತ್ರಿಕೆಯ ಮೂಲಕ ಹೇಳುತ್ತಿದ್ದೇನೆ.

ನಾನು ಇಪ್ಪತ್ತಾರು ವರ್ಷ ನಿಮ್ಮ ಶಾಲಾ ಬಸ್ ಓಡಿಸಿದವಳು. ಹಣಕಾಸಿನ ಪಂಡಿತೆಯಲ್ಲ. ಆದರೆ ಈ ವಿಷಯಕ್ಕೆ ಪಾಂಡಿತ್ಯ ಬೇಕಿಲ್ಲವೆಂಬುದೇ ಅದರ ಸೊಗಸು. ಇಂಡೆಕ್ಸ್ ಫಂಡ್ ಎಂದರೆ ಷೇರು ಮಾರುಕಟ್ಟೆಯ ಎಲ್ಲ ಕಂಪನಿಗಳನ್ನೂ ಚೂರುಚೂರು ಕೊಂಡು ಸುಮ್ಮನೆ ಇಟ್ಟುಕೊಳ್ಳುವುದು. ಮಾರುಕಟ್ಟೆ ಬಿದ್ದರೆ ಅದೂ ಬೀಳುತ್ತದೆ, ಎದ್ದರೆ ಏಳುತ್ತದೆ. ಅದನ್ನು ನಡೆಸಲು ಜಾಣರು ಬೇಕಿಲ್ಲ, ಹಾಗಾಗಿ ಜಾಣರ ಸಂಬಳವನ್ನು ನಾವು ತೆರಬೇಕಿಲ್ಲ. ನಿಮ್ಮ ಪಟ್ಟಿಯ ಹನ್ನೊಂದು ಕಂಪನಿಗಳಿಗೆ ಇದು ಹಿಡಿಸದಿದ್ದರೆ ಆಶ್ಚರ್ಯವೇನು?

ಬರ್ನಡೀನ್ ಓಸ್ಲರ್ ನಿಮಗೆ ಗೊತ್ತಿರಬೇಕು. ಪ್ರೌಢಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿರುವವಳು. ನಿಮ್ಮ ತಟ್ಟೆಗೂ ಬಡಿಸಿದ್ದಾಳೆ. ಅವಳು ಕೆಲಸಕ್ಕೆ ಸೇರಿದ ವರ್ಷ ನಿಮ್ಮ ಪಟ್ಟಿಯ ಕಂಪನಿಯೊಂದರ ಏಜೆಂಟ್ ಸ್ಟಾನ್ ಪೆಲ್ಕಿ ನಮ್ಮ ಸಿಬ್ಬಂದಿ ಕೋಣೆಗೆ ಡೋನಟ್ ಪೆಟ್ಟಿಗೆ ಹಿಡಿದು ಬಂದ. ಊರಿನವನೇ, ಫುಟ್‌ಬಾಲ್ ತಂಡದ ಹಳೆಯ ಆಟಗಾರ. "ರಾಜ್ಯದ ಪಿಂಚಣಿ ನಿಮ್ಮ ಬಾಡಿಗೆಗೇ ಸಾಲಲ್ಲ ಬರ್ನಿ. ಇಲ್ಲೊಂದು ಸಹಿ ಹಾಕಿಬಿಡಿ, ಮಿಕ್ಕಿದ್ದು ನನಗೆ ಬಿಡಿ" ಎಂದ. ಬರ್ನಡೀನ್ ಹಿಂದೆಮುಂದೆ ನೋಡಿದಳು. "ಹಾಕೇ ಮಾರಾಯ್ತಿ, ಎಲ್ಲರೂ ಹಾಕಿದ್ದಾರೆ, ನಾನೂ ಹಾಕಿದ್ದೀನಿ" ಎಂದವಳು ನಾನು. ಹೌದು, ನಾನೇ. ಇದನ್ನು ಇಲ್ಲಿ ಬರೆಯದಿದ್ದರೆ ನಿಮ್ಮನ್ನು ದೂರುವ ಹಕ್ಕು ನನಗಿರುವುದಿಲ್ಲ.

ನಾಲ್ಕು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡ. ಆ ಚಳಿಗಾಲದಲ್ಲಿ ನನ್ನ ನಾದಿನಿ ನೋರೀನ್ ನಮ್ಮ ಮನೆಗೆ ಬಂದಿದ್ದಳು. ಅವಳು ಅಂಚೆ ಕಚೇರಿಯ ಗುಮಾಸ್ತೆ, ಅಂದರೆ ಕೇಂದ್ರ ಸರ್ಕಾರದ ನೌಕರಿಯವಳು. ಬರ್ನಡೀನ್ ತನ್ನ ನಿವೃತ್ತಿ ಖಾತೆಯ ಕಾಗದಗಳನ್ನು ತಂದಿದ್ದಳು. ಇಬ್ಬರೂ ಒಂದೇ ವರ್ಷ ಉಳಿತಾಯ ಶುರುಮಾಡಿದವರು, ತಿಂಗಳಿಗೆ ಕಟ್ಟಿದ್ದೂ ಹೆಚ್ಚುಕಡಿಮೆ ಒಂದೇ.

"ನಿಂದು ಇಷ್ಟೇನಾ?" ಎಂದಳು ನೋರೀನ್. ನೋರೀನಳದಕ್ಕಿಂತ ಮೂರನೇ ಒಂದು ಭಾಗ ಕಡಿಮೆಯಿತ್ತು.

"ನೀನು ಯಾವ ಏಜೆಂಟನ್ನ ಹಿಡಿದಿದ್ದೆ?" ಎಂದಳು ಬರ್ನಡೀನ್.

"ಏಜೆಂಟೂ ಇಲ್ಲ, ಗೀಜೆಂಟೂ ಇಲ್ಲ. ನಮಗೆ ಕೊಡೋದೇ ಇಂಡೆಕ್ಸ್ ಫಂಡು. ನೂರು ಡಾಲರಿಗೆ ವರ್ಷಕ್ಕೆ ಹತ್ತು ಸೆಂಟೂ ಹಿಡಿಯಲ್ಲ."

ಕನ್ನಡಕ ಹಾಕಿಕೊಂಡು ಬರ್ನಡೀನಳ ಒಪ್ಪಂದವನ್ನು ಹುಡುಕಿದೆವು. ತೊಂಬತ್ತನಾಲ್ಕು ಪುಟ. ನಿರ್ವಹಣಾ ಶುಲ್ಕ, ವಿಮಾ ಶುಲ್ಕ, ಖಾತರಿ ಶುಲ್ಕ ಎಂದು ಬೇರೆ ಬೇರೆ ಪುಟಗಳಲ್ಲಿ ಚದುರಿದ್ದನ್ನು ಕೂಡಿಸಿದರೆ ನೂರಕ್ಕೆ ಮೂರು ಡಾಲರ್, ಪ್ರತಿ ವರ್ಷ, ಲಾಭವಿರಲಿ ನಷ್ಟವಿರಲಿ. ಬರ್ನಡೀನ್ ಕನ್ನಡಕ ತೆಗೆದಿಟ್ಟಳು. ಆಮೇಲೆ, "ಸೂಪ್ ಕುದಿಸಿದ್ದು ನಾನು, ಸೌಟು ಅವನ ಕೈಲಿ" ಎಂದು ನಕ್ಕಳು. ಆ ನಗುವನ್ನು ನೀವು ಕೇಳಬೇಕಿತ್ತು.

ಹಣ ತೆಗೆದು ಬೇರೆಡೆ ಇಡೋಣವೆಂದರೆ ಇನ್ನೊಂದು ಸಂಗತಿ ಹೊರಬಿತ್ತು. ಗಂಡನನ್ನು ಮಣ್ಣುಮಾಡಿದ ಮರುವಾರ ಸ್ಟಾನ್ ಸಾಂತ್ವನ ಹೇಳಲು ಅವಳ ಮನೆಗೆ ಬಂದಿದ್ದ, ಬೇಯಿಸಿದ ಹಂದಿಮಾಂಸದ ದೊಡ್ಡ ತುಂಡು ತಂದಿದ್ದ, ವಾರಸುದಾರರ ಹೆಸರು ಬದಲಿಸುವ ಕಾಗದವೆಂದು ಕೆಲವಕ್ಕೆ ಸಹಿ ಪಡೆದಿದ್ದ. ಅದರಲ್ಲೊಂದು ಹೊಸ ಒಪ್ಪಂದ. ಅದರ ಪ್ರಕಾರ ಏಳು ವರ್ಷದೊಳಗೆ ಹಣ ತೆಗೆದರೆ ದಂಡ. ಮೊದಲ ವರ್ಷ ನೂರಕ್ಕೆ ಎಂಟು.

ಅಂಗಡಿಯ ಮುಂದೆ ಕಾರು ನಿಲ್ಲಿಸುವಲ್ಲಿ ಸ್ಟಾನ್‌ನನ್ನು ತಡೆದು ಕೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. "ಅರ್ಲೀನ್, ಅವಳ ಗಂಡ ಸತ್ತಾಗ ನಿನ್ನ ಇಂಡೆಕ್ಸ್ ಫಂಡು ಅವಳ ಬಾಗಿಲಿಗೆ ಬಂದಿತ್ತಾ? ನಾನು ಬಂದಿದ್ದೆ" ಎಂದ. ಫಂಡು ಬರುತ್ತಿರಲಿಲ್ಲ, ಆದರೆ ಸಹಿ ಹಾಕಿಸಿಕೊಂಡೂ ಹೋಗುತ್ತಿರಲಿಲ್ಲ ಎಂಬ ಉತ್ತರ ಹೊಳೆಯುವಷ್ಟರಲ್ಲಿ ಅವನ ಕಾರು ರಸ್ತೆಗೆ ಇಳಿದಿತ್ತು.

ಈಗ ನಿಮ್ಮ ಪಾತ್ರಕ್ಕೆ ಬರುತ್ತೇನೆ. ನಾವು ಮೊದಲ ಸಲ ಬಂದಾಗ ನಿಮ್ಮ ಕಚೇರಿ ಹೇಳಿತು: "ಪಟ್ಟಿಯಲ್ಲಿರುವ ಯಾರನ್ನೂ ನಾವು ಶಿಫಾರಸು ಮಾಡುವುದಿಲ್ಲ, ಅನುಮತಿಸುತ್ತೇವೆ ಅಷ್ಟೇ." ಎಂಥ ವಿನಯ! ಬೇರೆಯವರಿಗೆ ಬಾಗಿಲು ಮುಚ್ಚಿ, ಒಳಗಿರುವವರ ಹೊಣೆ ನಮ್ಮದಲ್ಲ ಎನ್ನುವುದು ಯಾವ ನ್ಯಾಯ? ಎರಡನೆಯ ಸಲ, ಹತ್ತು ನೌಕರರು ಬರೆದುಕೊಟ್ಟರೆ ಹೊಸ ಕಂಪನಿಯನ್ನು ಪರಿಗಣಿಸುತ್ತೇವೆ ಎಂದಿರಿ. ಬರ್ನಡೀನ್ ಮೂವತ್ತೊಂದು ಸಹಿ ತಂದಳು. ನಮೂನೆ ಹಳೆಯದೆಂದು ಹಿಂತಿರುಗಿಸಿದಿರಿ. ಆ ಹಳೆಯ ನಮೂನೆಯನ್ನು ಕೊಟ್ಟವರು ಯಾರು? ಹೊಸದರಲ್ಲಿ ತರುವಾಗ ಸಹಿಗಳು ಹತ್ತೊಂಬತ್ತಕ್ಕಿಳಿದವು. ಜನಕ್ಕೆ ಬೇಸರವಾಗಿತ್ತು, ಕೆಲವರಿಗೆ ಭಯವೂ.

ಆದರೂ ಹತ್ತಕ್ಕಿಂತ ಹೆಚ್ಚೇ, ಹಾಗಾಗಿ ವಿಷಯ ಶಾಲಾ ಮಂಡಳಿಯ ಸಭೆಗೆ ಹೋಯಿತು. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಬರ್ನಡೀನ್ ಅಡುಗೆಮನೆಯ ಬೂಟಿನಲ್ಲೇ ಬಂದು ಮೈಕಿನ ಮುಂದೆ ನಿಂತಳು. "ನನಗೆ ಯಾರ ಮೇಲೂ ಸಿಟ್ಟಿಲ್ಲ. ನನ್ನದು ಹೋಯ್ತು, ಹೋಗ್ಲಿ. ಈಗ ಸೇರೋರಿಗಾದ್ರೂ ಒಂದು ಅಗ್ಗದ್ದು ಇಟ್ಟಿರಿ ಅಂತ…" ಸಮಯ ಮುಗಿದ ಗಂಟೆ ಹೊಡೆಯಿತು. "ಧನ್ಯವಾದ. ಮುಂದಿನವರು?" ಎಂದರು ಅಧ್ಯಕ್ಷರು. ಮುಂದಿನವರು ಕ್ರೀಡಾಂಗಣದ ಹೊಸ ಅಂಕಫಲಕಕ್ಕೆ ಹಣ ಕೊಟ್ಟ ದಾನಿಗೆ ವಂದನೆ ಹೇಳಲು ಬಂದಿದ್ದರು. ದಾನಿ ಯಾರು? ಪಟ್ಟಿಯ ನಾಲ್ಕನೆಯ ಕಂಪನಿ, ಸ್ಟಾನ್ ಕೆಲಸ ಮಾಡುವುದು ಅದರಲ್ಲೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಬರ್ನಡೀನ್ ಕೂಡ ತಟ್ಟಿದಳು, ಅಭ್ಯಾಸಬಲ. ನಮ್ಮ ವಿಷಯವನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಉಪಸಮಿತಿ ಇವತ್ತಿನವರೆಗೆ ಸೇರಿಲ್ಲ.

ಅರವತ್ತೆರಡಕ್ಕೆ ಕೆಲಸ ಬಿಟ್ಟು, ಈರಿ ಸರೋವರದ ದಂಡೆಯಲ್ಲಿರುವ ತಂಗಿಯ ಮನೆಯ ಪಕ್ಕ ಎರಡು ಕೋಣೆ ಹಿಡಿಯಬೇಕೆಂದಿದ್ದಳು ಬರ್ನಡೀನ್. ಆ ಕೋಣೆಗಳಿಗೆ ಬೇರೆಯವರು ಬಂದಾಯಿತು. ಅವಳಿಗೀಗ ಅರವತ್ತನಾಲ್ಕು. ಎರಡೂ ಮಣಿಕಟ್ಟಿಗೆ ಪಟ್ಟಿ ಬಿಗಿದುಕೊಂಡು ಟ್ರೇ ಎತ್ತುತ್ತಾಳೆ. ಈ ಪತ್ರ ಬರೆಯುತ್ತೇನೆಂದಾಗ, "ಬರಿ ಬರಿ. ನಾನು ಆಲೂಗಡ್ಡೆ ಸುಲೀತಿರ್ತೀನಿ, ಯಾರದು ಮೊದಲು ಮುಗಿಯುತ್ತೋ ನೋಡೋಣ" ಎಂದು ಹಂಗಿಸಿದಳು. ಆಮೇಲೆ, "ಮೋಸ ಹೋದಳು ಅಂತ ಮಾತ್ರ ಬರೀಬೇಡ ಕಣೇ. ಓದದೆ ಸಹಿ ಹಾಕಿದಳು ಅಂತ ಬರಿ" ಎಂದಳು.

ಅವಳ ಮಾತಿನಂತೆಯೇ ಬರೆದಿದ್ದೇನೆ: ಬರ್ನಡೀನ್ ಓಸ್ಲರ್ ಓದದೆ ಸಹಿ ಹಾಕಿದಳು. ಆದರೆ ಮಾನ್ಯರೇ, ಅವಳು ತೊಂಬತ್ತನಾಲ್ಕು ಪುಟವನ್ನೂ ಓದಿ, ಬೇಡವೆಂದು ಪಕ್ಕಕ್ಕಿಟ್ಟು ನಿಮ್ಮ ಕಿಟಕಿಗೆ ಬಂದಿದ್ದರೆ ನೀವು ಅವಳ ಕೈಗೆ ಏನು ಕೊಡುತ್ತಿದ್ದಿರಿ? ಮಿಕ್ಕ ಹತ್ತು ಹೆಸರು.

ಆದ್ದರಿಂದ ಕೇಳುತ್ತಿದ್ದೇನೆ. ಬರುವ ಆಗಸ್ಟಿನಲ್ಲಿ ಹೊಸ ನೌಕರರ ಕೈಗೆ ಪಟ್ಟಿ ಕೊಡುವ ಮುನ್ನ ಅದರ ಕೊನೆಯಲ್ಲಿ ಹನ್ನೆರಡನೆಯ ಸಾಲೊಂದನ್ನು ಸೇರಿಸಿ: ಅಗ್ಗದ ಇಂಡೆಕ್ಸ್ ಫಂಡ್ ಕೊಡುವ ಒಂದೇ ಒಂದು ಕಂಪನಿ. ನೀವು ಸೇರಿಸುತ್ತೀರೆಂದು ನಾನು ನಂಬಿಲ್ಲ. ಆದರೆ ಕೇಳಿರಲಿಲ್ಲವೆಂದು ನಾಳೆ ನೀವು ಹೇಳುವಂತಿಲ್ಲ.

ಇಂತಿ,
ಸಹಿ ಹಾಕೆಂದು ಗೆಳತಿಗೆ ಬುದ್ಧಿ ಹೇಳಿದ,
ಅರ್ಲೀನ್ ಟ್ರಾಟ್
ನಿವೃತ್ತ ಬಸ್ ಚಾಲಕಿ. ಸದ್ಯ ವಾರಕ್ಕೆ ನಾಲ್ಕು ದಿನ ಮತ್ತೆ ಬಸ್ ಚಾಲಕಿ