ಎದುರು ನಿಂತು ಕಲಿತದ್ದು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಬೇರೇನೋ ಕೆಲಸ ನೆನಪಾಗುತ್ತಿತ್ತು. ಆ ಕೆಲಸಗಳೂ ಆಗಿಲ್ಲ. ಬೇಸರ ಮಾಡಿಕೊಳ್ಳಬೇಡ. ಹೊಸ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಕಡಿಮೆಯಾಯಿತೇ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದುತ್ತದೆ ಎಂದು ಬರೆದಿದ್ದೆ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಾಳೋ ಇಲ್ಲವೋ ಕೇಳು ಎಂದು ಅಮ್ಮ ಹೇಳಿದ್ದಾಳೆ, ಕೇಳಿದ್ದೇನೆ.

ಅಮ್ಮನ ಕಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದ ದಿನ ನನ್ನ ಮುಖವನ್ನೇ ನೋಡಿ, "ನಿಂಗೆ ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತೇ?" ಅಂದಳು. ಡಾಕ್ಟರು ನಕ್ಕರು. ಆಪರೇಷನ್ ಚೆನ್ನಾಗಿ ಆಗಿದೆ ಎಂದು ನನಗೂ ಗೊತ್ತಾಯಿತು.

ನನ್ನ ಹುಲಾ ಹೂಪ್ ಕ್ಲಾಸು ನಡೆಯುತ್ತಿದೆ. ಅದೇ ಹಾಲ್, ಕೆಳಗೆ ಅದೇ ಫರ್ನಿಚರ್ ಅಂಗಡಿ. ಹೊಸಬರು ಸೇರಿದ ವಾರ ಹೂಪ್‌ಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಅಂಗಡಿಯವರು ಮೆಟ್ಟಿಲು ಹತ್ತಿ ಬಂದು, "ಮೇಲೇನು ಮಂಚ ಮುರೀತಿದ್ದೀರಾ? ಮುರೀರಿ, ಹೊಸದು ನಮ್ಮಲ್ಲೇ ತಗೊಳ್ಳಿ" ಅಂದು ಹೋದರು.

ಆ ಹೊಸಬರಲ್ಲಿ ಒಬ್ಬರು ಪ್ಲಂಬರ್. ಈಗ ಎಲ್ಲರಿಗೂ ಹೂಪ್ ಮಾಡಿಕೊಡುವುದು ಅವರೇ. ನೀರಿನ ಪೈಪನ್ನು ದೊಡ್ಡ ಬಳೆಯ ಹಾಗೆ ಬಗ್ಗಿಸಿ, ಕೂಡಿಸಿದ ಜಾಗ ಕೈಗೆ ಸಿಗದಂತೆ ಟೇಪ್ ಸುತ್ತುತ್ತಾರೆ. ಐಸೊಲೇಶನ್ ಅನ್ನುವ ಪಟ್ಟು ಮಾತ್ರ ಅವರಿಗೆ ಹತ್ತುತ್ತಿಲ್ಲ. ಹೂಪ್ ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಕಾಣಬೇಕು, ಕೈ ಮಾತ್ರ ದೊಡ್ಡದಾಗಿ ಒಂದು ಸುತ್ತು ಬರಬೇಕು ಅಂದರೆ, ಬಸ್ಸಿನ ಸ್ಟೀರಿಂಗ್ ಹಿಡಿದಂತೆ ಹಿಡಿದು ನಿಲ್ಲುತ್ತಾರೆ. ನೀನು ಹೇಳಿಕೊಡುತ್ತಿದ್ದ ಹಾಗೆಯೇ ಹೇಳಿದೆ: "ಹೂಪಿನ ನಡುವೆ ಗಾಳಿಗೆ ಒಂದು ಮೊಳೆ ಹೊಡೆದಿದೆ ಅಂದ್ಕೊಳ್ಳಿ. ಆ ಮೊಳೆ ಅಲ್ಲಾಡಬಾರದು."

"ನಾನು ಮೊಳೆ ಹೊಡೆದ ಕಡೆಯೆಲ್ಲ ನೀರು ಸೋರಿದೆ ಮೇಡಂ," ಅಂದರು.

ಈಗ ನಿನ್ನ ಪತ್ರದ ವಿಷಯ. ವರ್ಷದ ಹೂಪ್ ಕೂಟಕ್ಕೆ ಜೋಡಿ ವಿಭಾಗದಲ್ಲಿ ನಮ್ಮಿಬ್ಬರ ಹೆಸರು ಕೊಡಲೇ ಎಂದು ನಾನು ಕೇಳಿದ್ದೆ. ರಜೆ ಸಿಗುವುದು ಅನುಮಾನ, ಸ್ವಲ್ಪ ತಡಿ ಎಂದು ನೀನು ಬರೆದಿದ್ದೆ. ತಡೆದೆ. ಹೆಸರು ಕೊಡಲು ಈ ವಾರವೇ ಕೊನೆ.

ಕಳೆದ ತಿಂಗಳು ಹೊರಗಿನಿಂದ ಒಬ್ಬ ತರಬೇತುದಾರರು ಬಂದಿದ್ದರು. ಕಲಿಸುವವರು, ಕಲಿಯುವವರು ಎಂದು ನೋಡದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ, ಗೋಡೆಯ ಕನ್ನಡಿಗೆ ಮುಖ ಮಾಡಿ ನಿಲ್ಲಿಸಿದರು. ಎಣಿಸಿದರು, ಶುರು ಮಾಡಿದೆವು. ಸಾಲಿನಲ್ಲಿ ಎಲ್ಲರ ಹೂಪೂ ಒಂದು ಕಡೆ ಹೋದರೆ ನನ್ನದು ಇನ್ನೊಂದು ಕಡೆ ಹೋಗಿ, ಪಕ್ಕದಲ್ಲಿದ್ದ ಟೇಲರಮ್ಮನ ಕನ್ನಡಕ ಹಾರಿಸಿತು. "ಬಿಡಿ, ಕನ್ನಡಕ ಇಲ್ದೆ ನೋಡಿದ್ರೆ ನೀವು ಚೆನ್ನಾಗೇ ಆಡ್ತಿದ್ದೀರಿ," ಅಂದರು ಅವರು.

ತರಬೇತುದಾರರು ಹತ್ತಿರ ಬಂದರು. "ಎಡಗೈಯವರಾ?"

"ಅಲ್ಲ. ಬರೆಯೋದು, ತಿನ್ನೋದು ಎಲ್ಲ ಬಲಗೈಲೇ."

"ಮತ್ತೆ ಇದು?"

"ಅಕ್ಕ ಕಲಿಸಿದ್ದು. ಎದುರಿಗೆ ನಿಂತು."

ಅವರಿಗೆ ತಕ್ಷಣ ಅರ್ಥವಾಯಿತು. ನೀನು ಬಲಗೈಯಲ್ಲಿ ಮಾಡಿದ್ದನ್ನು ನಾನು ಎದುರಿನಿಂದ ನೋಡಿ ಎಡಗೈಯಲ್ಲಿ ಕಲಿತೆ. ಒಂದು ಪಟ್ಟನ್ನೂ ಬಿಡದೆ ಎಲ್ಲವನ್ನೂ ಹಾಗೆಯೇ ಕಲಿತಿದ್ದೇನೆ. ಕ್ಲಾಸಿನವರು ನನ್ನ ಎದುರು ನಿಂತು ಕಲಿಯುವುದರಿಂದ ಅವರದೆಲ್ಲ ಮತ್ತೆ ನೇರವಾಗಿದೆ. ಹಾಗಾಗಿ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಪ್ಲಂಬರ್ ಸುಮ್ಮನಿರಲಿಲ್ಲ: "ನಮ್ಮಲ್ಲೂ ಎಡಕ್ಕೆ ತಿರುಗಿಸಿ ಬಿಗಿಯೋ ಉಲ್ಟಾ ಥ್ರೆಡ್ ಫಿಟಿಂಗ್ ಬರುತ್ತೆ ಮೇಡಂ. ಅದರ ಜೋಡಿ ಬಿಟ್ಟು ಬೇರೆ ಯಾವುದೂ ಕೂರಲ್ಲ."

ತರಬೇತುದಾರರು, "ಬದಲಾಯಿಸ್ಬೇಡಿ. ಕಲಿಸೋರಿಗೆ ಇದೇ ಅನುಕೂಲ, ಜೋಡಿ ಆಟಕ್ಕಂತೂ ಇನ್ನೂ ಒಳ್ಳೇದು," ಎಂದರು.

ನಾನು ಬದಲಾಯಿಸಿದೆ. ಎಡಗೈಯನ್ನು ಹಳೆಯ ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಕ್ಲಾಸಿಗೆ ಮೊದಲು ಒಂದು ಗಂಟೆ, ನಂತರ ಒಂದು ಗಂಟೆ ಬಲಗೈಯಲ್ಲಿ ಮಾಡಿದೆ. ಮೊದಲಿಗೆ ಐಸೊಲೇಶನ್ ನಡುಗುತ್ತಿತ್ತು, ಆಮೇಲೆ ನಿಂತಿತು. ನಿಂತಾಗ ಖುಷಿಯಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ, ಬೇಜಾರೂ ಆಗಲಿಲ್ಲ. ಸ್ನಾನ ಮಾಡುವಾಗ ಮೊಣಕಾಲಿನ ಕೆಳಗೆ ನೀಲಿಗಟ್ಟಿದ್ದು ಕಂಡಿತು. ಯಾವಾಗ ಬಡಿಯಿತೋ ನೆನಪಿಲ್ಲ. ಈಗ ಎಡಗೈಗೆ ಹೂಪ್ ಕೊಟ್ಟರೆ ಬಕೆಟ್ ಹಿಡಿದಂತೆ ಹಿಡಿಯುತ್ತದೆ.

"ಕೈ ಕಟ್ಕೊಂಡು ಅದೇನು ಕಲಿಯೋದು?" ಎಂದು ಅಮ್ಮ ಒಂದು ದಿನ ಹಾಲ್‌ನ ಬಾಗಿಲಲ್ಲಿ ನಿಂತು ಕೇಳಿದಳು. ಕಲಿಯುತ್ತಿಲ್ಲ, ಮರೆಯುತ್ತಿದ್ದೇನೆ ಅಂದೆ. "ಅದಕ್ಕೆ ಇಷ್ಟು ಕಷ್ಟ ಯಾಕೆ? ನಂಗೆ ಹಾಗೇ ಆಗುತ್ತೆ," ಅಂದಳು.

ನಿನ್ನೆ ಒಂಟಿ ವಿಭಾಗಕ್ಕೆ ನನ್ನ ಹೆಸರು ಕೊಟ್ಟೆ. ಇನ್ನು ನಿನಗೆ ರಜೆ ಸಿಕ್ಕಿದರೂ ನಾವಿಬ್ಬರೂ ಎದುರು ನಿಂತು ಆಡುವ ಹಾಗಿಲ್ಲ. ನೀನು ಎಸೆದ ಹೂಪ್ ನನ್ನ ಎಡಗಡೆಗೆ ಬರುತ್ತದೆ, ನನ್ನ ಕೈ ಬಲಗಡೆ ಕಾಯುತ್ತಿರುತ್ತದೆ. ರಜೆಗೆಂದು ಯಾರ ಹತ್ತಿರವೂ ಬೇಡಿಕೊಳ್ಳುವುದು ಬೇಡ ಎಂದೇ ಇಷ್ಟು ಬರೆದೆ.

ಅಮ್ಮ ನಿನಗೆ ಮನಸಾರೆ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ. ನನ್ನದೂ ಅದೇ ಮಾತು. ಎಲ್ಲಿದ್ದರೂ ಆರೋಗ್ಯವಾಗಿರು.

ನಿನ್ನ ತಂಗಿ

ತಾ.ಕ.: ನಿನ್ನ ಪತ್ರ ಬಂದ ಮೇಲೆ, ಆ ತರಬೇತುದಾರರು ಬರುವುದಕ್ಕೆ ಮೊದಲು, ಕೂಟ ನಡೆಸುವವರು ಫೋನ್ ಮಾಡಿದ್ದರು. "ಜೋಡಿ ವಿಭಾಗಕ್ಕೆ ನಿಮ್ಮ ಅಕ್ಕನ ಹೆಸರು ಬಂದಿದೆ, ಆದ್ರೆ ಜೊತೆಗೆ ಬೇರೆಯವರ ಹೆಸರಿದೆ. ಏನಾದ್ರೂ ತಪ್ಪಾಗಿದ್ಯಾ ಅಂತ ಕೇಳ್ದೆ," ಅಂದರು. "ಇಲ್ಲ, ಸರಿಯಾಗೇ ಇದೆ, ನಂಗೆ ಗೊತ್ತು," ಅಂದೆ. ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಹೇಳಿಲ್ಲ. ಅವರು ಯಾರು ಎಂದು ನೀನು ಬರೆಯಬೇಕಾಗಿಲ್ಲ. ಒಂದು ವಿಷಯ ಮಾತ್ರ ಅವರಿಗೆ ಹೇಳಿಬಿಡು. ದೂರದಿಂದ ಎಸೆಯುವಾಗ ನೀನು ಹೂಪನ್ನು ಸ್ವಲ್ಪ ಬೇಗ ಬಿಡುತ್ತೀಯ, ಅದು ಹಿಡಿಯುವವರಿಗಿಂತ ಒಂದು ಹೆಜ್ಜೆ ಮೊದಲೇ ಇಳಿಯುತ್ತದೆ. ನಿನಗೆ ಇದು ತಿಳಿದಿರಲಿಕ್ಕಿಲ್ಲ. ಪ್ರತಿ ಸಲ ನಾನು ಮುಂದೆ ಬಂದು ಹಿಡಿಯುತ್ತಿದ್ದೆ.